ಸಾವಿರಕ್ಕೆ 6.9

1961ರಲ್ಲಿ ಮೈಸೂರು ರಾಜ್ಯದ ಸಮಿತಿಯೊಂದು ಹೈಸ್ಕೂಲಿನ ಕೊನೆಯ ಮೂರು ತರಗತಿಗಳ ಮಕ್ಕಳನ್ನು ಜಾತಿವಾರು ಲೆಕ್ಕ ಹಾಕಿತು. ನಾಗನಗೌಡ ಸಮಿತಿ ಎಂದು ಈಗಲೂ ಹಳಬರ ನೆನಪಿನಲ್ಲಿರುವುದು ಅದೇ. ಒಂದೊಂದು ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಆ ತರಗತಿಗಳವರೆಗೆ ಬಂದಿದ್ದಾರೆ ಎಂದು ನೋಡಿದಾಗ ಇಡೀ ರಾಜ್ಯದ ಸರಾಸರಿ 6.9 ಆಯಿತು. ಸಾವಿರಕ್ಕೆ ಏಳು ಮಕ್ಕಳೂ ಪೂರ್ತಿ ಇಲ್ಲ. ಆ ಕಾಲದ ಬಡತನವನ್ನೆಲ್ಲ ಒಂದೇ ಸಾಲಿನಲ್ಲಿ ಹೇಳುವ ಅಂಕಿ ಅದು. ಆದರೆ ಅದನ್ನು ಹಾಗೆ ಓದಿದವರು ಕಡಿಮೆ. ಯಾವ ಜಾತಿ 6.9ರ ಮೇಲಿದೆ, ಯಾವುದು ಕೆಳಗಿದೆ ಎಂಬುದೇ ಎಲ್ಲರಿಗೂ ಬೇಕಾಗಿತ್ತು.

ಸಂಖ್ಯಾಶಾಸ್ತ್ರ ಕಲಿಸುವ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ, ಸರಾಸರಿಯ ಆಚೀಚೆ ಒಂದಿಷ್ಟು ಮಸುಕು ಜಾಗ ಇರುತ್ತದೆ ಎಂದು. 6.8ಕ್ಕೂ 7ಕ್ಕೂ ನಡುವೆ ಬದುಕಿನ ವ್ಯತ್ಯಾಸವೇನೂ ಇಲ್ಲ; ಮುಂದಿನ ವರ್ಷ ಎಣಿಸಿದರೆ ಅವು ಅದಲುಬದಲಾಗಿರಬಹುದು. ವಿದ್ವಾಂಸ ಆ ಮಸುಕಿನಲ್ಲಿ ನೆಮ್ಮದಿಯಾಗಿರಬಲ್ಲ. ಸರ್ಕಾರ ಇರಲಾರದು. ಮೆಡಿಕಲ್ ಸೀಟು ಅರ್ಧ ಕೊಡಲು ಬರುವುದಿಲ್ಲ, ಇಲ್ಲಿಗೆ ಕೊಟ್ಟರೆ ಅಲ್ಲಿಗೆ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. 1962ರ ಜುಲೈ 31ರಂದು ಹೊರಟ ಆದೇಶ ಆ ಗೆರೆಯನ್ನು ಎಳೆಯಿತು, ಬಲು ಉದಾರವಾಗಿ. ಪರಿಶಿಷ್ಟರ ಪಾಲೂ ಸೇರಿ ವೃತ್ತಿಶಿಕ್ಷಣದ ಶೇ 68 ಸೀಟು ಮೀಸಲಾದವು. ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 28ರಂದು, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಸರಾಸರಿಗಿಂತ ತುಸು ಮೇಲಿರುವ, ಅದರ ಹತ್ತಿರವೇ ಇರುವ, ಅದಕ್ಕಿಂತ ಒಂಚೂರು ಕೆಳಗಿರುವ ಸಮುದಾಯಗಳನ್ನೆಲ್ಲ ಹಿಂದುಳಿದವರೆಂದು ಸೇರಿಸಿದ್ದು ಸರಿಯಲ್ಲ ಎಂಬುದು ಕೋರ್ಟು ಹೇಳಿದ ಮಾತುಗಳಲ್ಲೊಂದು. ಮೇಷ್ಟ್ರು ಹೇಳುವ ಪಾಠವನ್ನೇ ನ್ಯಾಯಮೂರ್ತಿಗಳು ಸರ್ಕಾರಕ್ಕೆ ಹೇಳಿದ ಹಾಗಾಯಿತು.

ಇದೇ ತೀರ್ಪು ಮೀಸಲಾತಿ ಸ್ಥೂಲವಾಗಿ ಶೇ 50ರ ಒಳಗಿರಬೇಕು ಎಂದೂ ಹೇಳಿತು. ಆ 50 ಯಾವ ಸಮೀಕ್ಷೆಯಿಂದ ಬಂತು? ಯಾವುದರಿಂದಲೂ ಅಲ್ಲ. ಆಧಾರ ಸಾಲದು ಎಂದು ಒಂದು ಲೆಕ್ಕವನ್ನು ಕೆಡವಿದ ಕಡೆಯಲ್ಲೇ, ಎಣಿಕೆಯ ಆಧಾರವಿಲ್ಲದ ಇನ್ನೊಂದು ಅಂಕಿ ನೆಲೆಯೂರಿತು. ಅರವತ್ತು ವರ್ಷ ದಾಟಿದರೂ ಅದನ್ನು ಅಲುಗಿಸಲು ಇನ್ನೂ ವಕೀಲರು ವಾದಿಸುತ್ತಲೇ ಇದ್ದಾರೆ. ಎಣಿಸಿ ತಂದ 6.9 ಎಲ್ಲರಿಗೂ ಮರೆತುಹೋಗಿದೆ.

ಸಮಾಜವಿಜ್ಞಾನಿಗಳ ನಡುವೆ ಕುಳಿತರೆ ಹತ್ತು ನಿಮಿಷದೊಳಗೆ ಒಂದು ಗೊಣಗು ಕೇಳಿಬರುತ್ತದೆ: ನಾವು ಬರೆದದ್ದನ್ನು ಸರ್ಕಾರ ಓದುವುದಿಲ್ಲ, ವರದಿಗಳೆಲ್ಲ ದೂಳು ತಿನ್ನುತ್ತಿವೆ. ಪತ್ರಿಕೆಗಳಲ್ಲೂ ಇದಕ್ಕೊಂದು ಸಿದ್ಧ ಶೀರ್ಷಿಕೆ ಇದೆ, ‘ವರದಿ ಶೈತ್ಯಾಗಾರಕ್ಕೆ’. ನನಗೆ ಇದು ಪೂರ್ತಿ ನಿಜ ಅನ್ನಿಸುವುದಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗಗಳ ಕಥೆಯನ್ನೇ ನೋಡಿ. ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿತು. ಗಲಾಟೆಯಾಯಿತು, ಕೋರ್ಟಿಗೆ ಹೋಯಿತು. ವೆಂಕಟಸ್ವಾಮಿ ಆಯೋಗ 1986ರಲ್ಲಿ ವರದಿ ಕೊಟ್ಟಾಗ ಲಿಂಗಾಯತರ ಜೊತೆ ಒಕ್ಕಲಿಗರನ್ನೂ ಹೊರಗಿಟ್ಟಿತು. ಸರ್ಕಾರ ಆ ವರದಿಯನ್ನೇ ಬದಿಗಿಟ್ಟು, ಇಬ್ಬರನ್ನೂ ಸೇರಿಸಿ ಮಧ್ಯಂತರ ಆದೇಶ ಹೊರಡಿಸಿತು. ನಿವೃತ್ತ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಆಯೋಗ 1990ರಲ್ಲಿ ಮತ್ತೆ ಹೆಚ್ಚುಕಡಿಮೆ ಅದೇ ತೀರ್ಮಾನಕ್ಕೆ ಬಂತು. 1994ರ ಹೊತ್ತಿಗೆ ಇಬ್ಬರೂ ಪಟ್ಟಿಯ ಒಳಗೆ, 3ಎ ಮತ್ತು 3ಬಿ ಎಂಬ ಮನೆಗಳಲ್ಲಿ ಭದ್ರವಾಗಿ ಕೂತಿದ್ದರು.

ಇದನ್ನೆಲ್ಲ ಓದದೆ ಮಾಡಿದರು ಎನ್ನಲು ಸಾಧ್ಯವೇ? ಸಚಿವಾಲಯದಲ್ಲಿ ಇಷ್ಟು ಎಚ್ಚರದಿಂದ, ಪುಟಪುಟ ತಿರುವಿ, ಅಡಿಟಿಪ್ಪಣಿ ಬಿಡದೆ ಓದಿಸಿಕೊಂಡ ಸಮಾಜಶಾಸ್ತ್ರ ಇನ್ನೊಂದಿರಲಾರದು. ಓದಿದ್ದರಿಂದಲೇ ಅವು ಇದ್ದ ಹಾಗೆ ಜಾರಿಯಾಗಲಿಲ್ಲ.

ಇಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ನೆನೆಯದೆ ಮುಂದೆ ಹೋಗಲಾಗದು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅವರು ಅಧ್ಯಯನ ಮಾಡಿದರು. ಬರೆಯುವಾಗ ಆ ಹಳ್ಳಿಗೆ ರಾಂಪುರ ಎಂಬ ಹೆಸರು ಕೊಟ್ಟರು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ರೂಪುಗೊಂಡದ್ದು ಅಲ್ಲಿ ಕಂಡದ್ದರಿಂದ. ಜಾತಿಯ ಏಣಿಯಲ್ಲಿ ಮೇಲೆ ಕೂತವನೇ ಊರಿನ ಯಜಮಾನ ಎಂದು ಗ್ರಂಥಗಳನ್ನು ನೋಡಿದವರು ತಿಳಿದಿದ್ದರು. ಶ್ರೀನಿವಾಸರು ಊರಿನಲ್ಲಿ ಕಂಡದ್ದು ಬೇರೆ. ಜನಸಂಖ್ಯೆ ಹೆಚ್ಚಿರುವ, ಜಮೀನು ಕೈಯಲ್ಲಿರುವ, ಆಚಾರದ ದೃಷ್ಟಿಯಲ್ಲಿ ತೀರಾ ಕೆಳಗಿರದ ಜಾತಿಯೇ ಊರಿನ ನ್ಯಾಯ ಹೇಳುತ್ತದೆ, ಜಗಳ ಬಿಡಿಸುತ್ತದೆ, ವೋಟು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತದೆ. ರಾಂಪುರದಲ್ಲಿ ಅದು ಒಕ್ಕಲಿಗರು. ಇನ್ನೊಂದು ಸೀಮೆಯಲ್ಲಿ ಲಿಂಗಾಯತರು. ಬೇರೆ ರಾಜ್ಯಗಳಲ್ಲಿ ಬೇರೆಯವರು.

ಈಗ ಎರಡನ್ನೂ ಜೊತೆಗಿಟ್ಟು ನೋಡಬೇಕು. ಪ್ರಾಬಲ್ಯವನ್ನು ಅರ್ಥಮಾಡಿಕೊಳ್ಳುವ ಉಪಕರಣವನ್ನು ಜಗತ್ತಿಗೆ ಕೊಟ್ಟದ್ದು ಇದೇ ನೆಲದ ಹಳ್ಳಿ. ಪ್ರಾಬಲ್ಯವನ್ನು ಅಳೆದು ತಂದ ವರದಿಗಳ ಹಣೆಬರಹ ಬರೆದದ್ದು ಅದೇ ಪ್ರಾಬಲ್ಯ. ಶಾಸಕರ ಬಲ, ಮಠಗಳ ಬಲ, ಸಂಘಗಳ ಬಲ, ಎಲ್ಲ ವರದಿಯ ಒಳಗೂ ಇದ್ದವು, ವರದಿ ಇಟ್ಟ ಮೇಜಿನ ಸುತ್ತಲೂ ಇದ್ದವು. ಒಂದು ರೀತಿಯಲ್ಲಿ, ಆಯೋಗದ ವರದಿ ತಿರಸ್ಕೃತವಾದದ್ದೇ ಅದರ ತೀರ್ಮಾನ ಸರಿ ಎನ್ನುವುದಕ್ಕೆ ಸಿಕ್ಕ ಕೊನೆಯ ಪುರಾವೆ. ಹೀಗಂದರೆ ಕುಚೋದ್ಯದಂತೆ ಕೇಳಿಸಬಹುದು; ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಮುಂಗಾರು ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಓದಿಕೊಂಡು ದಾರಿ ಬದಲಿಸುವುದಿಲ್ಲ. ಸಮಾಜ ಬದಲಿಸುತ್ತದೆ. ಅದರ ಬಗ್ಗೆ ಬರೆದದ್ದನ್ನು ಅದು ಓದುತ್ತದೆ, ತಕರಾರು ತೆಗೆಯುತ್ತದೆ, ಬರೆದದ್ದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಸಂಶೋಧನೆಗೂ ಸರ್ಕಾರಕ್ಕೂ ನಡುವಿನ ಇರಿಸುಮುರಿಸಿನ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ. ಅಧಿಕಾರಿಗಳ ಅಸಡ್ಡೆ, ಪ್ರಾಧ್ಯಾಪಕರ ಕಬ್ಬಿಣದ ಕಡಲೆ ಭಾಷೆ, ಇವೆಲ್ಲ ಆಮೇಲಿನ ಮಾತು. ಕೇಳುವವರು ಯಾರು ಎಂಬುದರ ಮೇಲೆ ಉತ್ತರವೇ ಬದಲಾಗಿಬಿಡುವಾಗ, ತಿಳಿವಳಿಕೆಯನ್ನು ಒಬ್ಬರು ಸಂಪಾದಿಸಿ ಇನ್ನೊಬ್ಬರ ಕೈಗೆ ದಾಟಿಸುವುದು ಹೇಗೆ?

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಮೀಟರಿನ ಆಧಾರದ ಮೇಲೆ ಮನೆ ಗುರುತಿಸಿ, ಬಾಗಿಲ ಬಳಿ ಸ್ಟಿಕ್ಕರ್ ಅಂಟಿಸಿದ್ದರು. ದಸರಾ ರಜೆಯಲ್ಲಿ ಊರಿಗೆ ಹೋಗಬೇಕಿದ್ದ ಮೇಷ್ಟ್ರುಗಳು, ಟೀಚರುಗಳು ಮೊಬೈಲ್ ಹಿಡಿದು ಮನೆಮನೆ ಹತ್ತಿಳಿದರು. ಆ್ಯಪ್ ಒಮ್ಮೆ ತೆರೆಯುತ್ತಿತ್ತು, ಒಮ್ಮೆ ಸುತ್ತುತ್ತಾ ನಿಲ್ಲುತ್ತಿತ್ತು. ಪ್ರಶ್ನೆಗಳು ಅರವತ್ತು. ನಮ್ಮ ಬೀದಿಯಲ್ಲಿ ಒಬ್ಬ ಟೀಚರು ಜಗುಲಿಯ ಮೇಲೆ ಕೂತು, ಬೆರಳಿನಲ್ಲಿ ಪರದೆ ಒರೆಸಿ ಒರೆಸಿ ಕೇಳುತ್ತಿದ್ದರು. ಮನೆಯಾಕೆ ಒಂದೊಂದಕ್ಕೂ ಉತ್ತರ ಕೊಡುವ ಮೊದಲು ಒಳಗೆ ತಿರುಗಿ ಗಂಡನ ಮುಖ ನೋಡುತ್ತಿದ್ದರು. ಫ್ರಿಜ್ ಇದೆಯಾ ಅಂದಾಗಲೂ ನೋಡಿದರು. ಫ್ರಿಜ್ಜಿನ ಗುಂಯ್ ಸದ್ದು ಜಗುಲಿಯವರೆಗೂ ಕೇಳುತ್ತಿತ್ತು. ‘ಹಳೇದು ಬಿಡಿ ಮೇಡಂ, ಅದನ್ನ ಬರೀಬೇಕಾ?’ ಅಂತ ಗಂಡ ಒಳಗಿನಿಂದಲೇ ಕೇಳಿದ. ‘ನಾವು ಬಡವರು ಅಂತ ಬಂದ್ರೆ ಒಳ್ಳೇದಾ, ಚೆನ್ನಾಗಿದೀವಿ ಅಂತ ಬಂದ್ರೆ ಒಳ್ಳೇದಾ?’ ಅಂತ ಆಮೇಲೆ ಆಕೆ ಕೇಳಿದ್ದು ಟೀಚರಿಗೂ ನಗು ತರಿಸಿತು. ಅದಕ್ಕಿಂತ ನೇರವಾದ ಸಂಶೋಧನಾ ಪ್ರಶ್ನೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

ಮನೆಮನೆಯ ಗೊಂದಲ ಇದಾದರೆ, ಹೊರಗೆ ಅದಕ್ಕಿಂತ ದೊಡ್ಡ ತಯಾರಿ ನಡೆದಿತ್ತು. ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕು, ಜಾತಿಯ ಕಾಲಮ್ಮಿನಲ್ಲಿ ಏನು, ಉಪಜಾತಿ ಹೇಳಬೇಕೋ ಬಿಡಬೇಕೋ ಎಂದು ಸಮುದಾಯ ಸಂಘಟನೆಗಳು ಸಭೆ ಸೇರಿ, ಕರಪತ್ರ ಹಂಚಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವು. ಭಾಗವಹಿಸುವುದು ಕಡ್ಡಾಯವಲ್ಲ ಎಂದು ಹೈಕೋರ್ಟ್ ಹೇಳಿತು. ಪ್ರಶ್ನೆಪತ್ರಿಕೆ ಬರುವ ಮೊದಲೇ ಉತ್ತರಪತ್ರಿಕೆ ಸಿದ್ಧವಾದ ಸಮೀಕ್ಷೆಯಲ್ಲಿ ಸಿಕ್ಕುವುದು ಸಮಾಜದ ಸ್ಥಿತಿಯೋ, ಸಮಾಜದ ಆಸೆಯೋ? ಎರಡೂ ಇರಬಹುದು. ಎಷ್ಟು ಪಾಲು ಯಾವುದು ಎಂದು ಬೇರ್ಪಡಿಸುವ ಜರಡಿ ಯಾರ ಬಳಿಯೂ ಇಲ್ಲ.

ರಾಂಪುರದಲ್ಲಿ ಶ್ರೀನಿವಾಸರ ನೋಟುಬುಕ್ಕಿನಿಂದ ಯಾರಿಗೂ ಸೀಟು ಸಿಗುವಂತಿರಲಿಲ್ಲ, ಯಾರ ಸೀಟೂ ಹೋಗುವಂತಿರಲಿಲ್ಲ. ಹಾಗಾಗಿ ಜನ ಮಾತಾಡಿದರು. ಹಾಗೆಂದು ಅದನ್ನು ಕಲ್ಮಶವಿಲ್ಲದ ಜ್ಞಾನ ಎಂದು ಹೊಗಳಲೂ ಬಾರದು. ತಾನು ಬ್ರಾಹ್ಮಣನೆಂದು ಊರು ತನ್ನನ್ನು ಹೇಗೆ ನಡೆಸಿಕೊಂಡಿತು, ಜಮೀನುದಾರರ ಒಡನಾಟ ಎಷ್ಟಾಯಿತು, ದಲಿತರ ಕೇರಿಯ ಒಡನಾಟ ಎಷ್ಟು ಕಡಿಮೆಯಾಯಿತು ಎನ್ನುವುದನ್ನು ಅವರೇ ಬರೆದುಕೊಂಡಿದ್ದಾರೆ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಕಚೇರಿಗೆ ಬೆಂಕಿಯಿಟ್ಟರು. ವರ್ಷಗಟ್ಟಲೆ ಕೂತು ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. 1976ರಲ್ಲಿ ಬಂದ ಅವರ ಪ್ರಸಿದ್ಧ ಪುಸ್ತಕ ಬಹುಪಾಲು ನೆನಪಿನಿಂದ ಬರೆದದ್ದು. ಯಾವ ಇಲಾಖೆಯಾದರೂ ಅದನ್ನು ಆಧಾರವಾಗಿ ಒಪ್ಪುತ್ತಿತ್ತೇ? ಮಾದರಿ ಗಾತ್ರ ಎಷ್ಟು ಎಂಬ ಮೊದಲನೆಯ ಪ್ರಶ್ನೆಗೇ ಬಿದ್ದುಹೋಗುತ್ತಿತ್ತು.

ಆದರೂ ಅದೇ ರಾಂಪುರ ವಿಧಾನಸೌಧದ ಒಳಗೆ ಹೋಗಿ ಕೂತಿದೆ. ದಿನಬೆಳಗಾದರೆ ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮೇಲೆ ಎಸೆಯುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಮೊದಲು ಬಳಸಿದವರು ಶ್ರೀನಿವಾಸರೇ, 1955ರಲ್ಲಿ, ಇದೇ ಹಳ್ಳಿಯ ಕುರಿತ ಲೇಖನದಲ್ಲಿ. ಪ್ರಬಲ ಜಾತಿ, ಮೇಲಿನವರ ಆಚಾರ ಹಿಡಿದು ಜಾತಿಯ ಏಣಿ ಹತ್ತುವ ಸಂಸ್ಕೃತೀಕರಣ ಎನ್ನುವುದನ್ನೂ ರಾಜಕಾರಣಿಗಳು ಓದಿಯೋ ಓದದೆಯೋ ಬಲ್ಲರು. ಅಮೆರಿಕದಲ್ಲಿ ಕ್ಯಾರೊಲ್ ವೈಸ್ ಎಂಬ ವಿದುಷಿ 1970ರ ದಶಕದಲ್ಲಿ ಅಧಿಕಾರಿಗಳನ್ನೇ ಕೇಳುತ್ತಾ ಹೋಗಿ ಕಂಡದ್ದೂ ಹೀಗೆಯೇ: ಇಂಥ ವರದಿಯಿಂದ ಇಂಥ ನಿರ್ಧಾರ ಎಂದು ಬೆರಳಿಟ್ಟು ತೋರಿಸುವುದು ಅಪರೂಪ, ಸಂಶೋಧನೆ ಮೆಲ್ಲಗೆ ಒಸರುತ್ತಾ ಹೋಗಿ, ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದ ಹಾಗೆ, ಜನ ಯೋಚಿಸುವ ಬಗೆಯನ್ನೇ ಬದಲಿಸುತ್ತದೆ. ಇದನ್ನು ಕೇಳಿ ಪ್ರಾಧ್ಯಾಪಕರು ಸಮಾಧಾನಪಟ್ಟುಕೊಳ್ಳುತ್ತಾರೆ. ನನಗೆ ಅಷ್ಟು ಸಮಾಧಾನವಿಲ್ಲ. ಒಸರಿ ಹೋದದ್ದು ಯಾರ ತಳಪಾಯ ಸೇರಿತು ಎಂದು ಕೇಳಬೇಕು. ಪ್ರಾಬಲ್ಯ ಹೇಗೆ ಕಟ್ಟಲ್ಪಡುತ್ತದೆ ಎಂಬ ತಿಳಿವಳಿಕೆ, ಅದನ್ನು ಸಡಿಲಿಸಬೇಕೆಂದವರಿಗಿಂತ ಮೊದಲು, ಟಿಕೆಟ್ ಹಂಚುವವರ ಕೈಗೆ ಸಿಕ್ಕಿತು.

ಒಪ್ಪಿಗೆಯಾದ ವರದಿಗಳ ಪಾಡು ಏನು? ಅವುಗಳಲ್ಲಿ ನನಗೆ ತಕ್ಷಣ ನೆನಪಾಗುವುದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು 35 ಸೂಚಕಗಳನ್ನು ಹಿಡಿದು, ಆಗಿನ 175 ತಾಲ್ಲೂಕುಗಳನ್ನು ಸಮಿತಿ ತೂಗಿತು. 2002ರಲ್ಲಿ ಕೊಟ್ಟ ವರದಿಯಲ್ಲಿ 114 ತಾಲ್ಲೂಕುಗಳು ಹಿಂದುಳಿದವು ಎಂದಾಯಿತು. ಅತ್ಯಂತ ಹಿಂದುಳಿದವು 39, ಅವುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ. ಬೇರೆಯವರು ಭಾಷಣದಲ್ಲಿ ಹೇಳುತ್ತಿದ್ದ ಅನ್ಯಾಯಕ್ಕೆ ಮೊದಲ ಬಾರಿ ತಾಲ್ಲೂಕುವಾರು ಲೆಕ್ಕ ಸಿಕ್ಕಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಎಂಬ ಅಂದಾಜೂ ಅದರಲ್ಲಿತ್ತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಎಂದು ಬಜೆಟ್ಟಿನಲ್ಲಿ ಹಣವೂ ಬರತೊಡಗಿತು. ಇಷ್ಟೆಲ್ಲ ಒಳ್ಳೆಯದೇ. ಆಮೇಲೆ ಆದದ್ದು ನೋಡಿ. ಅರ್ಥಶಾಸ್ತ್ರಜ್ಞರು ಒಂದು ಕಾಲದ ಚಿತ್ರವೆಂದು ಬರೆದ ಸೂಚ್ಯಂಕ ತಾಲ್ಲೂಕುಗಳ ಜಾತಕವಾಯಿತು. ಎರಡು ದಶಕ ಕಳೆದರೂ ಕಡತದಲ್ಲಿ ‘ನಂಜುಂಡಪ್ಪ ವರದಿ ಪ್ರಕಾರ ಅತ್ಯಂತ ಹಿಂದುಳಿದ ತಾಲ್ಲೂಕು’ ಎಂಬ ಷರಾ ಓಡಾಡುತ್ತಲೇ ಇತ್ತು. ಆ ನಡುವೆ ತಾಲ್ಲೂಕುಗಳೇ ಒಡೆದು ಹೊಸವು ಹುಟ್ಟಿದ್ದವು. ಹಿಂದುಳಿದಿರುವಿಕೆ ಅವಮಾನವಾಗಿದ್ದದ್ದು ಅರ್ಹತೆಯಾಯಿತು. ಶಾಸಕರು ನಮ್ಮ ತಾಲ್ಲೂಕನ್ನೂ ಸೇರಿಸಿ ಎಂದು ಕೇಳುವಂತಾಯಿತು. ತಿರಸ್ಕರಿಸಿದರೆ ವರದಿ ಸಾಯುತ್ತದೆ, ಒಪ್ಪಿದರೆ ಕಲ್ಲಾಗುತ್ತದೆ.

ದೆಹಲಿಯಲ್ಲಿ ಮೂರನೆಯ ಬಗೆಯೂ ಇದೆ, ತಡೆಹಿಡಿಯುವುದು. 2017-18ರಲ್ಲಿ ನಿರುದ್ಯೋಗ ಶೇ 6.1 ಎಂದ ಸಮೀಕ್ಷೆ ಸಿದ್ಧವಾಗಿಯೂ ಹೊರಬರಲಿಲ್ಲವೆಂದು ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು, ಅದು ಪ್ರಕಟವಾಯಿತು. ಅದೇ ವರ್ಷ ಮನೆವಾರ್ತೆ ಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಕೈಬಿಡಲಾಯಿತು.

ಸರ್ಕಾರವನ್ನಷ್ಟೇ ದೂರಿ ಸುಮ್ಮನಾಗುವುದು ಸುಲಭ. ವಿದ್ವಾಂಸರ ಮನೆಯೊಳಗೂ ನೋಡಬೇಕಾದ್ದಿದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅಂಥವರು ಈ ಎರಡು ಲೋಕಗಳ ನಡುವಿನ ದಾರಿ ಚಿಕ್ಕದು ಎಂದು ನಂಬಿದ್ದರು. ಸಮಾಜವಿಜ್ಞಾನಕ್ಕೆ ರಾಷ್ಟ್ರಮಟ್ಟದ ಮಂಡಳಿ ಬೇಕೆಂದು ಶಿಫಾರಸು ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು. 1969ರಲ್ಲಿ ಆ ಮಂಡಳಿ ಹುಟ್ಟುವ ಹೊತ್ತಿಗೆ ಅವರೇ ಕೇಂದ್ರದ ಶಿಕ್ಷಣ ಸಚಿವರು. ಮಂತ್ರಿಗಿರಿ ಮುಗಿಸಿ ಬೆಂಗಳೂರಿಗೆ ಬಂದು 1972ರಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದರು, ಶ್ರೀನಿವಾಸರನ್ನೂ ಕರೆತಂದರು. ಅಂಥ ಎತ್ತರದ ಜನ ಎರಡೂ ಕಡೆ ಸಲೀಸಾಗಿ ಓಡಾಡಿದರು. ಈಗ ದಾರಿಯಲ್ಲಿ ಓಡಾಡುವುದು ಹೆಚ್ಚಾಗಿ ಪ್ರಾಜೆಕ್ಟ್. ಇಲಾಖೆ ಹಣ ಕೊಟ್ಟು ಮೌಲ್ಯಮಾಪನ ಮಾಡಿಸುತ್ತದೆ. ಸೈಕಲ್ ಮಕ್ಕಳಿಗೆ ತಲುಪಿತೇ, ಎಷ್ಟು ತಡವಾಯಿತು, ಫಲಾನುಭವಿಗಳಿಗೆ ತೃಪ್ತಿಯಾಯಿತೇ ಎಂದು ಕೇಳುತ್ತದೆ. ಇಂಥ ಯೋಜನೆ ಬೇಕಿತ್ತೇ ಎಂದು ಕೇಳುವುದಿಲ್ಲ, ಕೇಳದ್ದಕ್ಕೆ ಉತ್ತರ ಬರೆಯುವ ಸಂಶೋಧಕ ಮುಂದಿನ ಪ್ರಾಜೆಕ್ಟಿಗೆ ಕಾಯಬೇಕಾಗುತ್ತದೆ. ಕನ್ನಡದ ಹಳ್ಳಿಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಆ ಹಳ್ಳಿಯವರಿಗೆ ಎಂದೂ ಓದಲು ಸಿಗದ ಹಾಗೆ ಮಾಡುವುದೂ ನಮಗೆ ಸಹಜವಾಗಿ ಹೋಗಿದೆ. ಕೊನೆಯ ಪುಟದಲ್ಲಿ ‘ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಸಾಲು ಇಲ್ಲದ ಪ್ರಬಂಧ ನಾನು ನೋಡಿಲ್ಲ.

ಆ ಸಾಲಿನಲ್ಲೇ ನನ್ನನ್ನು ಬಹಳ ಕಾಡುವ ವಿಷಯ ಇದೆ. ಸಂದೇಹ ವಿದ್ವತ್ತಿನ ಪ್ರಾಣ. ನಾನು ಕಂಡುಕೊಂಡದ್ದು ತಪ್ಪಿರಬಹುದು, ಇನ್ನೊಮ್ಮೆ ಎಣಿಸಿ ಎನ್ನುವ ವಿನಯ ಇಲ್ಲದಿದ್ದರೆ ಅದು ಶಾಸ್ತ್ರವೇ ಅಲ್ಲ. ರಾಜಕಾರಣ ಈ ಸಂದೇಹವನ್ನು ಕಲಿತುಬಿಟ್ಟಿದೆ. 2015ರಲ್ಲಿ ಎಚ್. ಕಾಂತರಾಜ ಆಯೋಗ ನಡೆಸಿದ ಸಮೀಕ್ಷೆಗೆ ನೂರೈವತ್ತು ಕೋಟಿಗೂ ಹೆಚ್ಚು ಖರ್ಚಾಯಿತು. ಅದರ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿ 29ರಂದು, ಮುಂದಿನ ಅಧ್ಯಕ್ಷ ಜಯಪ್ರಕಾಶ್ ಹೆಗ್ಡೆ ಅವರ ಮೂಲಕ. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್ ಹೊತ್ತಿಗೆ ತೀರ್ಮಾನವಾಯಿತು: ಅಂಕಿ ಹಳತಾಗಿದೆ, ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸಬೇಕೆಂದು ಹಿಂದುಳಿದ ವರ್ಗಗಳ ಆಯೋಗದ 1995ರ ಕಾಯ್ದೆಯ 11ನೇ ಕಲಂ ಹೇಳುತ್ತದೆ, ಆದ್ದರಿಂದ ಹೊಸ ಸಮೀಕ್ಷೆ. ಇದರಲ್ಲಿ ಸುಳ್ಳು ಎಲ್ಲಿದೆ? ಅಂಕಿ ಹಳತಾಗಿತ್ತು, ನಿಜ. ಯಾವ ಜನಸಂಖ್ಯಾಶಾಸ್ತ್ರಜ್ಞನಾದರೂ ಒಪ್ಪುತ್ತಾನೆ. ಕಾಯ್ದೆಯೂ ಹಾಗೇ ಹೇಳುತ್ತದೆ, ಹಾಗೆ ಹೇಳುವುದು ಅದರ ವಿವೇಕ. ಹಿಂದುಳಿದಿರುವಿಕೆ ಶಾಶ್ವತವಲ್ಲ, ಮತ್ತೆ ಮತ್ತೆ ನೋಡಿ ಎಂಬ ಒಳ್ಳೆಯ ಸಂದೇಹವನ್ನೇ ಅದು ಕಾನೂನಿನೊಳಗೆ ತಂದಿದೆ. ಆದರೆ ಒಂಬತ್ತು ವರ್ಷ ಅಂಕಿಯನ್ನು ಕೂರಿಸಿ, ಹತ್ತನೆಯ ವರ್ಷ ಅದಕ್ಕೆ ವಯಸ್ಸಾಯಿತು ಎನ್ನುವವರ ಬಾಯಲ್ಲೂ ಅದೇ ವಾಕ್ಯ ಬರುತ್ತದೆ. ಸಂಶೋಧಕ ಅದನ್ನು ಹೇಳಿದಾಗ ಪ್ರಾಮಾಣಿಕತೆ, ಮಂತ್ರಿ ಹೇಳಿದಾಗ ಉಪಾಯ. ಅಕ್ಷರ ಒಂದೂ ಬದಲಾಗಿರುವುದಿಲ್ಲ.

ಇದಕ್ಕೆ ತಡೆ ಏನಾದರೂ ಇದೆಯೇ ಎಂದರೆ, ಒಂದೇ ಒಂದು ತೋರುತ್ತದೆ: ಮೂಲ ದತ್ತಾಂಶವನ್ನು ಹೆಸರು ತೆಗೆದು ಎಲ್ಲರಿಗೂ ತೆರೆದಿಡುವುದು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಇದನ್ನು ಮಾಡುತ್ತಾ ಬಂದಿದ್ದಾರೆ. 1999-2000ದ ಖರ್ಚಿನ ಸಮೀಕ್ಷೆಯಲ್ಲಿ ಆಹಾರದ ಬಗ್ಗೆ ಒಂದೇ ಮನೆಯವರನ್ನು ಕಳೆದ ಏಳು ದಿನದ ಲೆಕ್ಕವನ್ನೂ ಮೂವತ್ತು ದಿನದ ಲೆಕ್ಕವನ್ನೂ ಕೇಳಿದ್ದರು. ಒಂದು ಉತ್ತರ ಇನ್ನೊಂದನ್ನು ಎಳೆಯಿತು, ಬಡತನ ಶೇ 26.1ಕ್ಕೆ ಇಳಿದಿದೆ ಎಂದು ಸರ್ಕಾರ ಹೇಳಿಕೊಂಡಿತು. ದತ್ತಾಂಶ ತೆರೆದಿದ್ದರಿಂದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಮೊದಲಾದವರು ತಾವೇ ಕೂತು ಮರುಲೆಕ್ಕ ಹಾಕಿದರು, ಜಗಳವಾಡಿದರು, ಆ ಜಗಳದಿಂದ ಅಂಕಿ ಹದಕ್ಕೆ ಬಂತು. ಕರ್ನಾಟಕದ ಜಾತಿ ಸಮೀಕ್ಷೆಗಳಿಗೆ ಅಂಥ ಜಗಳದ ಭಾಗ್ಯ ಸಿಕ್ಕಿಲ್ಲ. ಸೋರಿಕೆಯಾದ ಶೇಕಡಾವಾರುಗಳನ್ನು ಹಿಡಿದು ಟೀವಿಯಲ್ಲಿ ಕಿತ್ತಾಡಿದ್ದಷ್ಟೇ.

ತೆರೆದಿಡಿ ಎನ್ನುವುದೂ ಹೇಳಿದಷ್ಟು ಸುಲಭವಿಲ್ಲ. ತಾಲ್ಲೂಕಿಗೆ ಎರಡು-ಮೂರೇ ಮನೆಗಳಿರುವ ಅಲೆಮಾರಿ ಸಮುದಾಯಗಳಿವೆ. ಹೆಸರು ತೆಗೆದರೂ ಊರು, ಜಾತಿ, ಮಕ್ಕಳ ಓದು ಗೊತ್ತಾದರೆ ಮನೆ ಯಾವುದೆಂದು ಗುರುತಾಗಿಬಿಡುತ್ತದೆ. ಅವರ ಗುಟ್ಟು ಕಾಯಬೇಕೆಂದರೆ ಅವರನ್ನು ‘ಇತರೆ’ ಎಂಬ ಕಾಲಮ್ಮಿಗೆ ಸೇರಿಸಿ ಮರೆಮಾಡಬೇಕು. ಸಾವಿರಕ್ಕೆ ಎಷ್ಟು ಮಕ್ಕಳು ಹೈಸ್ಕೂಲು ಮುಟ್ಟಿದ್ದಾರೆ ಎಂದು ಮೊದಲು ತಿಳಿಯಬೇಕಾಗಿದ್ದದ್ದು ಅವರ ವಿಷಯದಲ್ಲೇ.